ಕಡಲಿಲ್ಲದ ನಾಡಿಗೆ ಹಾಯಿದೋಣಿಯ ಪದಕ, ನಮ್ಮ ಕರಾವಳಿಗೆ ಯಾಕಿಲ್ಲ? ಕ್ರೀಡಾ ಸಚಿವರಿಗೆ ಕಾರವಾರದಿಂದ ಒಂದು ಬಹಿರಂಗ ಪತ್ರ

ಮಾನ್ಯ ಯುವ ಸಬಲೀಕರಣ ಮತ್ತು ಕ್ರೀಡಾ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು ಇವರಿಗೆ

ಮಾನ್ಯರೇ,

ಸಾದರ ನಮಸ್ಕಾರಗಳು.

ನಾನು ಕಾರವಾರ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದು ನಿವೃತ್ತನಾದವನು. ನನ್ನ ಹತ್ತಿರ ಕಲಿತ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮೀನುಗಾರರ ಮನೆಯವರು. ಹರಿಕಂತ್ರರು, ಖಾರ್ವಿಗಳು, ಅಂಬಿಗರು, ಗಾಬಿತರು. ಈ ಮಕ್ಕಳ ಪರವಾಗಿ ತಮ್ಮ ಹತ್ತಿರ ಒಂದು ಮಾತು ಕೇಳಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಅರ್ಜಿ ರೂಪದಲ್ಲಿ ಕೇಳಿ ಆಯಿತು. ಉಪಯೋಗ ಆಗಲಿಲ್ಲ. ಹಾಗಾಗಿ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಚೀನಾದ ಹಾಂಗ್‌ಝೌ ಏಷ್ಯನ್ ಗೇಮ್ಸ್ ತಮಗೆ ನೆನಪಿರುತ್ತದೆ. 2022ರಲ್ಲಿ ಆಗಬೇಕಿದ್ದದ್ದು ಕೊರೊನಾದಿಂದಾಗಿ 2023ರ ಸೆಪ್ಟೆಂಬರ್ 23ರಿಂದ ಅಕ್ಟೋಬರ್ 8ರವರೆಗೆ ನಡೆಯಿತು. ಭಾರತಕ್ಕೆ 107 ಪದಕ ಬಂತು. 28 ಚಿನ್ನ, 38 ಬೆಳ್ಳಿ, 41 ಕಂಚು. ಏಷ್ಯನ್ ಗೇಮ್ಸ್‌ನಲ್ಲಿ ನಾವು ನೂರು ದಾಟಿದ್ದು ಅದೇ ಮೊದಲು. ನೂರನೇ ಪದಕ ತಂದವರು ನಮ್ಮ ಕಬಡ್ಡಿ ಹುಡುಗಿಯರು, ಚೈನೀಸ್ ತೈಪೆ ಎದುರು 26-25ರಲ್ಲಿ ಗೆದ್ದು. ಆ ದಿನ ಟಿವಿ ಮುಂದೆ ಕೂತು ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ನಮ್ಮ ರಾಜ್ಯದ ರೋಹನ್ ಬೋಪಣ್ಣ ಟೆನಿಸ್ ಮಿಶ್ರ ಡಬಲ್ಸ್‌ನಲ್ಲಿ ಚಿನ್ನ ಗೆದ್ದರು. ಅದಿತಿ ಅಶೋಕ್ ಗಾಲ್ಫ್‌ನಲ್ಲಿ ಬೆಳ್ಳಿ ತಂದರು. ವಿಜಯಪುರದ ರಾಜೇಶ್ವರಿ ಗಾಯಕವಾಡ್ ಚಿನ್ನ ಗೆದ್ದ ಕ್ರಿಕೆಟ್ ತಂಡದಲ್ಲಿದ್ದರು. ಎಲ್ಲರ ಬಗ್ಗೆಯೂ ಹೆಮ್ಮೆ ಇದೆ.

ಆದರೆ ಆ ಪದಕಪಟ್ಟಿಯನ್ನು ಆಟಗಳ ಪ್ರಕಾರ ಬಿಡಿಸಿ ನೋಡಿದರೆ ಬೇರೆ ಕಥೆ ಕಾಣುತ್ತದೆ. ಚೀನಾ ಈಜಿನಲ್ಲೇ 28 ಚಿನ್ನ ಗೆದ್ದಿತು. ನಮಗೆ ಎಲ್ಲ ಆಟ ಸೇರಿ ಬಂದಷ್ಟೇ ಚಿನ್ನ ಅವರಿಗೆ ಒಂದು ಈಜುಕೊಳದಲ್ಲಿ ಸಿಕ್ಕಿತು! ಈಜಿನಲ್ಲಿ ನಮಗೆ ಒಂದು ಕಂಚೂ ಇಲ್ಲ. ಹಿಮ್ಮುಖವಾಗಿ ಕೂತು ಹುಟ್ಟು ಹಾಕುವ ರೋಯಿಂಗ್‌ನಲ್ಲಿ ಐದು, ಹಾಯಿದೋಣಿಯ ಸೇಲಿಂಗ್‌ನಲ್ಲಿ ಮೂರು, ಮುಂದೆ ನೋಡುತ್ತಾ ಹುಟ್ಟು ಹಾಕುವ ಕೆನೋಯಿಂಗ್‌ನಲ್ಲಿ ಒಂದು. ದೋಣಿಯ ಆಟಗಳಲ್ಲಿ ಒಟ್ಟು ಒಂಬತ್ತು ಪದಕ, ಅದರಲ್ಲಿ ಚಿನ್ನ ಇಲ್ಲ. ಮೂರು ಕಡೆ ಸಮುದ್ರ ಇರುವ ದೇಶ ನಮ್ಮದು.

ಆ ಒಂಬತ್ತರಲ್ಲಿ ಒಂದು ಪದಕದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹುಡುಗಿಯರ ಐಎಲ್‌ಸಿಎ-4 ಎಂಬ ಹಾಯಿದೋಣಿ ಸ್ಪರ್ಧೆಯಲ್ಲಿ 17 ವರ್ಷದ ನೇಹಾ ಠಾಕೂರ್ ಬೆಳ್ಳಿ ಗೆದ್ದರು. ಇದು ಒಬ್ಬರೇ ನಡೆಸುವ, ಸುಮಾರು 14 ಅಡಿ ಉದ್ದದ ಚಿಕ್ಕ ದೋಣಿ. ಎಂಜಿನ್ ಇಲ್ಲ, ಹುಟ್ಟು ಇಲ್ಲ. ಒಂದು ಹಾಯಿ, ಒಂದು ಚುಕ್ಕಾಣಿ, ಉಳಿದದ್ದೆಲ್ಲ ಗಾಳಿ ಮತ್ತು ಮೈಭಾರ. ಪ್ರತಿ ರೇಸಿನಲ್ಲಿ ಎಷ್ಟನೆಯವರಾಗಿ ಬಂದರೋ ಅಷ್ಟು ಅಂಕ, ಕಡಿಮೆ ಅಂಕದವರೇ ಗೆದ್ದ ಹಾಗೆ. 11 ರೇಸುಗಳಲ್ಲಿ ತೀರಾ ಹಿಂದೆ ಬಿದ್ದ ಒಂದನ್ನು ಲೆಕ್ಕದಿಂದ ಬಿಡುತ್ತಾರೆ. ಹಾಗೆ ಬಿಟ್ಟ ಮೇಲೆ ನೇಹಾಗೆ ಬಂದದ್ದು 27 ಅಂಕ. ಕಂಚು ಗೆದ್ದ ಸಿಂಗಾಪುರದ ಹುಡುಗಿಗೆ 28. ಒಂದೇ ಅಂಕದ ಅಂತರ.

ಈ ನೇಹಾ ಎಲ್ಲಿಯವರು? ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತನ ಮಗಳು. ಕಲಿತದ್ದು ಭೋಪಾಲ್‌ನ ದೊಡ್ಡ ಕೆರೆಯಲ್ಲಿ, ಅಲ್ಲಿನ ರಾಷ್ಟ್ರೀಯ ಸೇಲಿಂಗ್ ಶಾಲೆಯಲ್ಲಿ. ಅದಕ್ಕೂ ಹಿಂದಿನ ಏಷ್ಯನ್ ಗೇಮ್ಸ್, 2018ರ ಜಕಾರ್ತಾ. ಅಲ್ಲಿ ಇದೇ ಜಾತಿಯ ದೋಣಿಯಲ್ಲಿ ಕಂಚು ಗೆದ್ದ ಹರ್ಷಿತಾ ತೋಮರ್ ಕೂಡ ಮಧ್ಯಪ್ರದೇಶದವರೇ, ಅದೇ ಭೋಪಾಲ್ ಶಾಲೆಯವರೇ. ಸತತ ಎರಡು ಕೂಟಗಳಲ್ಲಿ ಪದಕ! ಮಧ್ಯಪ್ರದೇಶಕ್ಕೆ ಒಂದು ಮಾರು ಸಮುದ್ರ ತೀರವೂ ಇಲ್ಲ, ಮಾನ್ಯರೇ. ಇದ್ದದ್ದು ಒಂದು ಕೆರೆ, ಜೊತೆಗೆ ಮಾಡಲೇಬೇಕು ಅಂತ ಹೊರಟ ಒಂದು ರಾಜ್ಯ ಸರ್ಕಾರ.

ಕೆನೋಯಿಂಗ್‌ನ ಆ ಒಂದು ಕಂಚು ಅರ್ಜುನ್ ಸಿಂಗ್ ಮತ್ತು ಸುನಿಲ್ ಸಿಂಗ್ ಸಲಾಂ ಜೋಡಿಯದ್ದು. 1,000 ಮೀಟರ್, ಇಬ್ಬರು ಕೂಡಿ ಹುಟ್ಟು ಹಾಕುವ ದೋಣಿ. ಏಷ್ಯನ್ ಗೇಮ್ಸ್‌ನಲ್ಲಿ ಈ ಆಟದಲ್ಲಿ ಭಾರತಕ್ಕೆ 1994ರ ನಂತರ ಸಿಕ್ಕ ಮೊದಲ ಪದಕ ಅದು. ಸುನಿಲ್ ಮಣಿಪುರದವರು, ಲೋಕ್ತಕ್ ಸರೋವರದ ಕಡೆಯ ಮೀನುಗಾರ ಕುಟುಂಬದ ಹುಡುಗ. ಆ ಸುದ್ದಿ ಓದಿದಾಗ ನನಗೆ ನಮ್ಮ ಮಕ್ಕಳೇ ಕಣ್ಣ ಮುಂದೆ ಬಂದರು.

ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಅಂತಾರಲ್ಲ, ನಮ್ಮ ಜಿಲ್ಲೆಯ ಸ್ಥಿತಿ ಅದೇ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಸೇರಿ ಸುಮಾರು 140 ಕಿಲೋಮೀಟರ್ ಕರಾವಳಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಸಮುದ್ರ ಸೇರುವುದು ಇಲ್ಲೇ. ಅಘನಾಶಿನಿಯಲ್ಲಿ ಹೆಂಗಸರು ಎದೆಮಟ್ಟ ನೀರಿನಲ್ಲಿ ನಿಂತು ಬೆಳಚು ಎಂಬ ಚಿಪ್ಪುಮೀನು ತೆಗೆಯುತ್ತಾರೆ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿ ನೀರಿಗೆ ಬಿತ್ತಲ್ಲ, ಆ ಮಳೆಗಾಲದ ಹೊಳೆಯಲ್ಲಿ ಚಾಲಕನನ್ನು ಜೀವಂತ ದಡ ಸೇರಿಸಲು ಪೊಲೀಸರ ಜೊತೆ ನಮ್ಮ ಮೀನುಗಾರರೇ ನಿಂತರು. ನೀರು ಗೊತ್ತಿರುವವರಿಗೆ ಇಲ್ಲಿ ಬರ ಇಲ್ಲ.

ನನ್ನ ಒಬ್ಬ ವಿದ್ಯಾರ್ಥಿಯ ವಿಷಯ ಹೇಳಬೇಕು. ಹೆಸರು ಬೇಡ. ಅವನ ಮನೆ ಹೊಳೆಯ ಆಚೆ. ಕೆಲವು ದಿನ ಅಪ್ಪನ ಪಾತಿ ದೋಣಿಯಲ್ಲೇ ಶಾಲೆಗೆ ಬರುತ್ತಿದ್ದ. ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ ಇಳಿತದ ಹೊತ್ತಿಗೆ ಸೆಳೆತ ಎಷ್ಟಿರುತ್ತದೆ ಅಂತ ಕಂಡವರಿಗೇ ಗೊತ್ತು. ನಾನು ದಡದಲ್ಲಿ ನಿಂತು ನೋಡಿದ್ದೇನೆ. ಅವನು ನೇರ ದಾಟಲು ಹೋಗುತ್ತಿರಲಿಲ್ಲ. ಮೊದಲು ದಡದ ಬದಿಯಲ್ಲೇ, ನೀರು ಮೆತ್ತಗಿರುವ ಕಡೆ, ಮೇಲಕ್ಕೆ ಹುಟ್ಟು ಹಾಕುತ್ತಾ ಹೋಗುತ್ತಿದ್ದ. ಆಮೇಲೆ ದೋಣಿಯ ಮೂತಿಯನ್ನು ಸೆಳೆತಕ್ಕೆ ಓರೆಯಾಗಿ ಹಿಡಿದು ನಡುವಿಗೆ ಬಿಡುತ್ತಿದ್ದ. ಅಷ್ಟಾದರೆ ನೀರೇ ಅವನನ್ನು ಆಚೆ ದಡಕ್ಕೆ ತಂದು ಬಿಡುತ್ತಿತ್ತು. ಪಕ್ಕದಲ್ಲಿ ದೊಡ್ಡವರು ನೇರ ಹೋಗಲು ಒದ್ದಾಡುತ್ತಿದ್ದರೆ ಇವನು ಅವರಿಗಿಂತ ಮೊದಲು ಇಳಿದು ಚೀಲ ಹೆಗಲಿಗೆ ಹಾಕಿಕೊಂಡಿರುತ್ತಿದ್ದ. ಆಗ ಅವನಿಗೆ ಹದಿನಾಲ್ಕು ವರ್ಷ. ಯಾರೂ ಕಲಿಸಿದ್ದಲ್ಲ.

ಹಾಂಗ್‌ಝೌ ಕೂಟದ ಹೊತ್ತಿಗೆ ನೇಹಾ ಅವರ ರೇಸಿನ ವಿಡಿಯೋ ತುಣುಕನ್ನು ಮೊಬೈಲಿನಲ್ಲಿ ಮಕ್ಕಳಿಗೆ ತೋರಿಸಿದೆ. ಇವನು ಎರಡೆರಡು ಸಲ ಹಾಕಿಸಿಕೊಂಡು ನೋಡಿದ. ಆಮೇಲೆ ಕೇಳಿದ, “ಸರ್, ಇದಕ್ಕೆ ಎಲ್ಲಿ ಸೇರಬೇಕು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಂಬಂಧಪಟ್ಟ ಕಚೇರಿಗೆ ಬರೆದೆ, ಹೋಗಿ ಕೇಳಿದೆ. ಈ ಆಟ ನಮ್ಮ ಶಾಲಾ ಕ್ರೀಡಾಕೂಟದ ಪಟ್ಟಿಯಲ್ಲಿಲ್ಲ, ಇದಕ್ಕೆ ಕೋಚ್ ಹುದ್ದೆ ಇಲ್ಲ, ಅಂದರು. ಹುಡುಗ ಚುರುಕಾಗಿದ್ದರೆ ಕ್ರೀಡಾ ವಸತಿ ನಿಲಯದ ಆಯ್ಕೆಗೆ ಕಳಿಸಿ ಅಂತ ಸಲಹೆ ಕೊಟ್ಟರು. ಕಳಿಸಿದೆ. ಅಲ್ಲಿ ಓಡಿಸಿದರು, ಜಿಗಿಸಿದರು, ಗುಂಡು ಎಸೆಸಿದರು. ಇವನು ಓಟದಲ್ಲಿ ಸಾಧಾರಣ. ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಅಲ್ಲಿದ್ದವರದ್ದು ತಪ್ಪು ಅಂತ ನಾನು ಹೇಳುವುದಿಲ್ಲ, ಅವರಿಗೆ ಕೊಟ್ಟ ನಿಯಮ ಅಷ್ಟೇ. ಆದರೆ ಆ ಇಡೀ ದಿನದಲ್ಲಿ ಅವನಿಗೆ ನಿಜವಾಗಿ ಬರುವ ವಿದ್ಯೆಯನ್ನು ಯಾರೂ ನೋಡಲೇ ಇಲ್ಲ.

ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಅವನು ಬೋಟಿಗೆ ಹೋದ. ಅವನ ಅಪ್ಪ ನನ್ನ ಹತ್ತಿರ ಬಂದು ಕೇಳಿದ ಮಾತು ಈಗಲೂ ಕಿವಿಯಲ್ಲಿದೆ. “ಮಾಸ್ತರ್ರೇ, ಬೋಟಿಗೆ ಹೋದ್ರೆ ಮೀನಿನ ಪಾಲು ಕೈಗೆ ಬರ್ತದೆ. ನಿಮ್ಮ ಆಟಕ್ಕೆ ಹೋದ್ರೆ ಏನು ಬರ್ತದೆ, ನೀವೇ ಹೇಳಿ.” ಇದಕ್ಕೆ ಉತ್ತರ ಕೊಡಬೇಕಾದವರು ತಾವು. ಗೆದ್ದು ಬಂದವರಿಗೆ ಸರ್ಕಾರ ಲಕ್ಷಗಟ್ಟಲೆ ಬಹುಮಾನ ಕೊಡುತ್ತದೆ. ಕೊಡಲಿ, ಅದು ಅವರ ಬೆವರಿಗೆ ಸಲ್ಲಬೇಕಾದದ್ದೇ. ಆದರೆ ಹದಿನಾರನೇ ವಯಸ್ಸಿಗೆ ದುಡಿಯಲು ಹೋಗುವ ಹುಡುಗನಿಗೆ ಪದಕ ಬಂದ ಮೇಲಿನ ಬಹುಮಾನದಿಂದ ಏನು ಪ್ರಯೋಜನ? ಅವನಿಗೆ ಬೇಕಾದದ್ದು ಮುಂದಿನ ತಿಂಗಳು ಮನೆಗೆ ಕೊಡಲು ಆಗುವಷ್ಟು ಶಿಷ್ಯವೇತನ.

ಇಲ್ಲಿ ಜಲಕ್ರೀಡೆ ಇಲ್ಲವೇ ಇಲ್ಲ ಅಂತ ಅಲ್ಲ. ಕಾಳಿಯಲ್ಲಿ, ಗಣೇಶಗುಡಿ-ದಾಂಡೇಲಿ ಕಡೆ, ರಾಫ್ಟಿಂಗ್ ಇದೆ. ಮುರ್ಡೇಶ್ವರದಿಂದ ನೇತ್ರಾಣಿ ನಡುಗಡ್ಡೆಗೆ ಸ್ಕೂಬಾ ಡೈವಿಂಗಿಗೆ ಕರೆದುಕೊಂಡು ಹೋಗುತ್ತಾರೆ. ಬೀಚಿನಲ್ಲಿ ಪ್ರವಾಸಿಗರಿಗೆ ಸವಾರಿಗಳಿವೆ. ಕೆಲವೊಮ್ಮೆ ನಾಲ್ಕು ದಿನದ ಸಾಹಸ ಶಿಬಿರ ನಡೆದು ಪ್ರಮಾಣಪತ್ರವೂ ಸಿಗುತ್ತದೆ. ಇದರಿಂದ ನಮ್ಮ ಹುಡುಗರಿಗೆ ಸ್ವಲ್ಪ ಸಂಪಾದನೆ ಆಗುತ್ತದೆ, ಸಂತೋಷ. ಆದರೆ ಪ್ರವಾಸಿಗರನ್ನು ದೋಣಿಯಲ್ಲಿ ಕೂರಿಸಿ ಸುತ್ತು ಹಾಕಿಸುವುದು ಬೇರೆ, ಒಂದು ಮಗುವನ್ನು ಏಳೆಂಟು ವರ್ಷ ಕಲಿಸಿ ಏಷ್ಯಾ ಮಟ್ಟಕ್ಕೆ ತಯಾರು ಮಾಡುವುದು ಬೇರೆ. ಎರಡನ್ನೂ ಒಂದೇ ಕಡತದಲ್ಲಿ ಹಾಕಿ ‘ಜಲಕ್ರೀಡೆಗೆ ಉತ್ತೇಜನ ಕೊಟ್ಟಿದ್ದೇವೆ’ ಅಂತ ದಯವಿಟ್ಟು ಬರೆಯಬೇಡಿ.

ಶುರು ಮಾಡುವುದಾದರೆ ಅರ್ಧಕ್ಕೆ ಬಿಡಬೇಡಿ ಅಂತಲೂ ಕೈ ಮುಗಿದು ಕೇಳುತ್ತೇನೆ. ನಮ್ಮ ಜಿಲ್ಲೆಗೆ ಆ ಅನುಭವ ಇದೆ. ಘಟ್ಟದ ಮೇಲಿನ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಸಮುದಾಯದ ಮಕ್ಕಳನ್ನು 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ವಿಶೇಷ ಯೋಜನೆಯಲ್ಲಿ ಆರಿಸಿ ತರಬೇತಿಗೆ ಕರೆದುಕೊಂಡು ಹೋದರು. ಚೆನ್ನಾಗಿ ಓಡುವವರು, ಜಿಗಿಯುವವರು ಅದರಲ್ಲಿ ಬೆಳೆದರು. 1993ರಲ್ಲಿ ಯೋಜನೆ ನಿಂತಿತು. ಮಕ್ಕಳು ಊರಿಗೆ ವಾಪಸ್. ಆರು ವರ್ಷದಲ್ಲಿ ಒಬ್ಬ ಓಟಗಾರ ಪೂರ್ತಿ ತಯಾರಾಗುತ್ತಾನಾ? ಹತ್ತು ವರ್ಷಕ್ಕೆ ಓಟ ಕಲಿಯಲು ಶುರು ಮಾಡಿದ ಮಗು ಆರು ವರ್ಷ ಕಳೆದಾಗ ಇನ್ನೂ ಹದಿನಾರರಲ್ಲಿರುತ್ತದೆ. ಫಲ ಬರುವ ಹೊತ್ತಿಗೆ ಸರಿಯಾಗಿ ಬಾಗಿಲು ಹಾಕಿದರು. ಆ ಕಾಲದಲ್ಲಿ ಹೋಗಿ ಬಂದವರ ಮನೆಯವರಿಗೆ ಈಗ ‘ಸರ್ಕಾರದ ಕ್ರೀಡಾ ಯೋಜನೆ’ ಅಂದರೆ ನಂಬಿಕೆ ಹುಟ್ಟುವುದು ಕಷ್ಟ. ಅದು ನ್ಯಾಯವೇ.

ಹಾಗಾದರೆ ಏನು ಮಾಡಬೇಕು? ನನಗೆ ತಿಳಿದಷ್ಟು ಹೇಳುತ್ತೇನೆ.

ಮುಖ್ಯವಾಗಿ, ಕಾರವಾರದಲ್ಲಿ ವರ್ಷಪೂರ್ತಿ ನಡೆಯುವ ಒಂದು ದೋಣಿ ಕ್ರೀಡಾ ಶಾಲೆ ಬೇಕು. ಸೇಲಿಂಗ್, ಕೆನೋಯಿಂಗ್, ರೋಯಿಂಗ್ ಮೂರೂ ಇರಲಿ. ಕಾರವಾರದ ಕೊಲ್ಲಿಗೆ ಗುಡ್ಡಗಳ, ನಡುಗಡ್ಡೆಗಳ ಮರೆ ಇದೆ. ಹಾಯಿದೋಣಿ ಕಲಿಯುವ ಮಕ್ಕಳಿಗೆ ಇದಕ್ಕಿಂತ ಒಳ್ಳೆ ಜಾಗ ಬೇರೆಲ್ಲಿದೆ ಹೇಳಿ. ಹುಟ್ಟು ಹಾಕುವ ಆಟಗಳಿಗೆ ನಿಂತ ನೀರು ಬೇಕು, ಅಳಿವೆಯಲ್ಲಿ ಸೆಳೆತ ಜಾಸ್ತಿ. ಅದಕ್ಕೆ ಕದ್ರಾ ಅಣೆಕಟ್ಟಿನ ಹಿನ್ನೀರನ್ನು ಒಮ್ಮೆ ತಜ್ಞರನ್ನು ಕರೆಸಿ ನೋಡಿಸಿ. ಮಕ್ಕಳು ಕಲಿಯುವ ಆಪ್ಟಿಮಿಸ್ಟ್ ದೋಣಿ ಎಂಟು ಅಡಿಯೂ ಇರುವುದಿಲ್ಲ. ದೊಡ್ಡ ಕಟ್ಟಡ, ಕಮಾನು, ಶಿಲಾನ್ಯಾಸ ಎಲ್ಲ ಆಮೇಲೆ ಆಗಲಿ. ಒಂದು ಶೆಡ್ಡು, ಹತ್ತು ದೋಣಿ, ಪ್ರತಿ ಮಗುವಿಗೂ ಲೈಫ್ ಜಾಕೆಟ್, ಸಂಬಳ ಸರಿಯಾಗಿ ಸಿಗುವ ಇಬ್ಬರು ಕೋಚ್. ಇಷ್ಟಿದ್ದರೆ ನಾಳೆಯೇ ಶುರು ಮಾಡಬಹುದು.

ಕೋಚ್‌ಗಳನ್ನು ಎಲ್ಲಿಂದ ತರುವುದು ಅಂತ ಕೇಳಬಹುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆ ಎರಡು ತಿಂಗಳು ನಮ್ಮ ಯುವಕರು ಬಲೆ ರಿಪೇರಿ ಮಾಡುತ್ತಾ ಮನೆಯಲ್ಲೇ ಇರುತ್ತಾರೆ. ಅವರಲ್ಲಿ ಓದು ಬರಹ ಬಲ್ಲ, ಕಲಿಸುವ ಆಸಕ್ತಿ ಇರುವ ಕೆಲವರನ್ನು ಆರಿಸಿ ಭೋಪಾಲ್‌ಗೆ ಕಳಿಸಿ. ಅಲ್ಲಿನ ಸರ್ಕಾರದ ಜೊತೆ ಮಾತಾಡಿ ಒಂದು ಒಪ್ಪಂದ ಮಾಡಿಕೊಳ್ಳಿ. ಗಾಳಿ, ನೀರು, ಮೋಡ ಅವರಿಗೆ ಆಗಲೇ ಗೊತ್ತು. ರೇಸಿನ ನಿಯಮ, ಮಕ್ಕಳಿಗೆ ಕಲಿಸುವ ಕ್ರಮ, ಹಾಯಿಯ ಹೊಂದಾಣಿಕೆ ಇಷ್ಟು ಕಲಿತು ಬಂದರೆ ಸಾಕು. ನಾಲ್ಕೈದು ವರ್ಷದಲ್ಲಿ ಹೊರಗಿನ ಕೋಚ್ ಬೇಕಾಗುವುದಿಲ್ಲ.

ಆಯ್ಕೆಯ ಕ್ರಮವನ್ನೂ ಬದಲಾಯಿಸಬೇಕು. ಈ ಆಟಕ್ಕೆ ಮಕ್ಕಳನ್ನು ಆರಿಸುವಾಗ ಮೈದಾನದಲ್ಲಿ ಓಡಿಸಿ ನೋಡಬೇಡಿ, ನೀರಿಗೆ ಇಳಿಸಿ ನೋಡಿ. ದೋಣಿ ಕ್ರೀಡೆಯನ್ನು ಕರಾವಳಿ ಜಿಲ್ಲೆಗಳ ಶಾಲಾ ಕ್ರೀಡಾಕೂಟದ ಪಟ್ಟಿಗೆ ಸೇರಿಸಿ. ಪಟ್ಟಿಯಲ್ಲಿ ಇಲ್ಲದ ಆಟಕ್ಕೆ ಹಾಜರಾತಿ ರಿಯಾಯಿತಿ ಇಲ್ಲ, ಪ್ರಯಾಣ ಭತ್ಯೆ ಇಲ್ಲ, ಮುಂದೆ ಕ್ರೀಡಾ ಕೋಟಾ ಇಲ್ಲ. ಅಪ್ಪ-ಅಮ್ಮನಿಗೆ ಹೇಳಿ ಒಪ್ಪಿಸಲು ನಮ್ಮಂತಹ ಪಿಟಿ ಮಾಸ್ತರರ ಕೈಯಲ್ಲಿ ಏನೂ ಇರುವುದಿಲ್ಲ.

ಹುಡುಗಿಯರ ಬಗ್ಗೆ ವಿಶೇಷವಾಗಿ ಹೇಳಬೇಕು. ನಮ್ಮ ಕಡೆ ಹುಡುಗಿಯರನ್ನು ಮೀನುಗಾರಿಕೆಯ ದೋಣಿಗೆ ಕರೆದುಕೊಂಡು ಹೋಗುವ ರೂಢಿ ಕಡಿಮೆ. ತಾಯಂದಿರು ಬುಟ್ಟಿ ಹೊತ್ತು ಮೀನು ಮಾರುತ್ತಾರೆ, ಹೆಣ್ಣುಮಕ್ಕಳು ದಡದಲ್ಲೇ ಉಳಿಯುತ್ತಾರೆ. ಆದರೆ ಜಕಾರ್ತಾದಲ್ಲಿ ಹರ್ಷಿತಾ, ಹಾಂಗ್‌ಝೌನಲ್ಲಿ ನೇಹಾ. ಪದಕ ತಂದವರು ಹುಡುಗಿಯರೇ ಅಲ್ವಾ? ಸೀಟುಗಳಲ್ಲಿ ಅರ್ಧ ಹುಡುಗಿಯರಿಗೆ ಮೀಸಲಿಡಿ, ಮಹಿಳಾ ಕೋಚ್ ಮತ್ತು ವಾರ್ಡನ್ ಇರಲಿ. ನಮ್ಮ ತಾಯಂದಿರು ಮುಂದೆ ಬರುತ್ತಾರೆ ಅನ್ನುವ ಭರವಸೆ ನನಗಿದೆ. ಮಗಳಿಗೆ ಈಜು ಕಲಿಸಿ ಅಂತ ಶಾಲೆಗೆ ಬಂದು ಕೇಳಿದವರನ್ನು ನಾನೇ ನೋಡಿದ್ದೇನೆ. 2019ರ ಜನವರಿಯಲ್ಲಿ ಕೂರ್ಮಗಡ ನಡುಗಡ್ಡೆಯ ಜಾತ್ರೆಯಿಂದ ಬರುವಾಗ ದೋಣಿ ಮಗುಚಿ ಮಕ್ಕಳೂ ಸೇರಿ ಅನೇಕರು ತೀರಿಕೊಂಡ ಮೇಲೆ ಹಾಗೆ ಕೇಳುವವರು ಜಾಸ್ತಿಯಾದರು. ಪದಕದ ಮಾತು ಒಂದು ಕಡೆ ಇರಲಿ, ಕರಾವಳಿಯ ಪ್ರತಿ ಮಗುವಿಗೂ ಈಜು ಮತ್ತು ಲೈಫ್ ಜಾಕೆಟ್ ಹಾಕಿಕೊಳ್ಳುವ ಅಭ್ಯಾಸ ಬರಲೇಬೇಕು. ಇಂತಹ ಶಾಲೆ ಇದ್ದರೆ ಅದೂ ಇದರಲ್ಲೇ ಆಗುತ್ತದೆ.

ಇನ್ನೊಂದು ಮಾತು ಕಟುವಾಗಿ ಕೇಳಿಸಬಹುದು, ಕ್ಷಮಿಸಿ. ಈ ಶಾಲೆಯ ಹೆಸರಿನಲ್ಲಿ ಮೀನುಗಾರರ ಒಂದಡಿ ಜಾಗವೂ ಹೋಗಬಾರದು. ನೌಕಾನೆಲೆಗಾಗಿ ಇಲ್ಲಿಯ ಜನ ಊರನ್ನೇ ಬಿಟ್ಟುಕೊಟ್ಟಿದ್ದಾರೆ. ಬಂದರು ವಿಸ್ತರಣೆಯ ವಿರುದ್ಧ 2020ರಲ್ಲಿ ಕಾರವಾರದ ಮೀನುಗಾರರು ಬೀದಿಗೆ ಇಳಿದದ್ದು ತಮಗೆ ಗೊತ್ತಿದೆ. ದೋಣಿ ಎಳೆದು ನಿಲ್ಲಿಸುವ, ಬಲೆ ಒಣಗಿಸುವ ತೀರಕ್ಕೆ ಬೇಲಿ ಹಾಕಿ, ಅದರೊಳಗೆ ಅವರದೇ ಮಕ್ಕಳಿಗೆ ದೋಣಿ ಕಲಿಸುತ್ತೇವೆ ಅಂದರೆ ಯಾರು ಒಪ್ಪುತ್ತಾರೆ? ಜಾಗ ಎಲ್ಲಿ ಅನ್ನುವುದನ್ನು ಮೀನುಗಾರರ ಸಹಕಾರ ಸಂಘಗಳ ಜೊತೆ ಕೂತು ತೀರ್ಮಾನಿಸಿ. ಶಾಲೆಯ ಆಡಳಿತ ಸಮಿತಿಯಲ್ಲೂ ಅವರ ಪ್ರತಿನಿಧಿಗಳು ಇರಲಿ.

ಮುಂದಿನ ಏಷ್ಯನ್ ಗೇಮ್ಸ್ 2026ರ ಸೆಪ್ಟೆಂಬರ್ 19ರಿಂದ ಜಪಾನಿನ ಐಚಿ-ನಗೋಯಾದಲ್ಲಿ. ಅದಕ್ಕೆ ನಮ್ಮ ಮಕ್ಕಳು ತಯಾರಾಗುವುದಿಲ್ಲ, ಆ ಆಸೆ ನನಗಿಲ್ಲ. 2030ರಲ್ಲಿ ದೋಹಾ, 2034ರಲ್ಲಿ ರಿಯಾದ್ ಅಂತ ಆಗಲೇ ಗೊತ್ತಾಗಿದೆ. ಈಗ ನಾಲ್ಕನೇ ಐದನೇ ತರಗತಿಯಲ್ಲಿ ಇರುವ ಮಗು 2034ಕ್ಕೆ ಹದಿನೆಂಟರ ಆಸುಪಾಸಿನಲ್ಲಿರುತ್ತದೆ. ಅಷ್ಟು ವರ್ಷಕ್ಕೆ ಹಣ ಕಡಿತವಾಗದ ಹಾಗೆ, ಸಚಿವರು ಬದಲಾದರೂ ಸರ್ಕಾರ ಬದಲಾದರೂ ನಿಲ್ಲದ ಹಾಗೆ ಆದೇಶ ಮಾಡಿ. ನಡುವೆ ಪದಕ ಬರಲಿಲ್ಲ ಅಂತ ಯಾರೂ ಕೈಬಿಡಬಾರದು. ಪ್ರತಿ ವರ್ಷ ಎಷ್ಟು ಮಕ್ಕಳು ಸೇರಿದರು, ಎಷ್ಟು ಮಕ್ಕಳು ಉಳಿದರು, ಬಿಟ್ಟವರು ಯಾಕೆ ಬಿಟ್ಟರು ಅನ್ನುವ ವರದಿಯನ್ನು ಜನರ ಮುಂದೆ ಇಡಿ.

ಮಳೆಗಾಲ ಕಳೆದ ಮೇಲೆ, ಅಕ್ಟೋಬರ್-ನವೆಂಬರ್ ಹೊತ್ತಿಗೆ, ತಾವು ಒಮ್ಮೆ ಕಾರವಾರಕ್ಕೆ ಬನ್ನಿ. ವೇದಿಕೆ, ಹಾರ, ಶಾಲು ಬೇಡ. ಜೊತೆಯಲ್ಲಿ ಸೇಲಿಂಗ್ ಮತ್ತು ಕೆನೋಯಿಂಗ್ ಗೊತ್ತಿರುವ ಇಬ್ಬರು ಕೋಚ್‌ಗಳನ್ನು ಕರೆತನ್ನಿ. ಸದಾಶಿವಗಡ, ದೇವಬಾಗ, ಮಾಜಾಳಿ ಕಡೆಯ ಶಾಲೆಗಳ ಮಕ್ಕಳನ್ನು ಪೋಷಕರ ಒಪ್ಪಿಗೆ ಪಡೆದು ಸೇರಿಸುವ ಜವಾಬ್ದಾರಿ ನನ್ನದು ಮತ್ತು ನನ್ನ ಜೊತೆಯ ಶಿಕ್ಷಕರದ್ದು. ಮೀನುಗಾರ ಮುಖಂಡರ ಜೊತೆ ಮಾತುಕತೆಯೂ ಅದೇ ದಿನ ಆಗಿಬಿಡಲಿ. ಬರುವ ದಿನಾಂಕವನ್ನು ಹದಿನೈದು ದಿನ ಮೊದಲು ತಿಳಿಸಿದರೆ ಸಾಕು. ಈ ಪತ್ರಕ್ಕೆ ತಮ್ಮ ಉತ್ತರ ಏನೇ ಇರಲಿ, ಲಿಖಿತವಾಗಿ ಕೊಡಿ. ಅದರ ಒಂದು ಪ್ರತಿಯನ್ನು ಜಿಲ್ಲೆಯ ಪತ್ರಿಕೆಗಳಿಗೂ ಕಳಿಸಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಕ
ಕಾರವಾರ ತಾಲೂಕು, ಉತ್ತರ ಕನ್ನಡ ಜಿಲ್ಲೆ